ಕಾಗದದಿಂದ ಕಿಂಡಲ್‌ವರೆಗೆ: ಪುಸ್ತಕ ಯಾರದು?

ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬರುವ ಮಗ ಈಗ ತಂದೆಗೆ ಅತ್ತರಿನ ಬಾಟಲಿಯ ಜೊತೆಗೆ ಒಂದು ಇ-ರೀಡರನ್ನೂ ತರುವುದುಂಟು. ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೂಕವೇ ಇಲ್ಲವೆನ್ನಿಸುವ ಹಲಗೆ. ಅದರೊಳಗೆ ಸಾವಿರ ಪುಸ್ತಕಗಳು ಹಿಡಿಯುತ್ತವೆ. ತಂದೆ ಅದನ್ನು ಎರಡು ದಿನ ಓದಿ ನೋಡುತ್ತಾರೆ, ಮೆಚ್ಚುತ್ತಾರೆ. ಮೂರನೆಯ ದಿನ ತಾನು ಓದಿ ಮುಗಿಸಿದ ಪುಸ್ತಕವನ್ನು ಪಕ್ಕದ ಮನೆಯ ಗೆಳೆಯನಿಗೆ ಕೊಡೋಣವೆಂದುಕೊಳ್ಳುತ್ತಾರೆ. ತೊಡಕು ಎದುರಾಗುವುದು ಆಗ. ಕೊಡುವುದಾದರೆ ಇಡೀ ಯಂತ್ರವನ್ನೇ ಕೊಡಬೇಕು. ಹಣ ಕೊಟ್ಟು ಕೊಂಡ ಪುಸ್ತಕವಾದರೂ ಅದೊಂದನ್ನೇ ತೆಗೆದು ಇನ್ನೊಬ್ಬರ ಕೈಗಿಡಲು ಸಾಮಾನ್ಯವಾಗಿ ಬರುವುದಿಲ್ಲ.

ಇ-ಪುಸ್ತಕ ಒಳ್ಳೆಯದೋ ಮುದ್ರಿತ ಪುಸ್ತಕ ಒಳ್ಳೆಯದೋ ಎಂಬ ಚರ್ಚೆ ಹೆಚ್ಚಾಗಿ ಹೊಸ ಕಾಗದದ ವಾಸನೆ, ಕಣ್ಣಿನ ಆಯಾಸ, ಬೆಲೆ ಇವುಗಳ ಸುತ್ತಲೇ ನಡೆಯುತ್ತದೆ. ಅವೂ ಗಣನೆಗೆ ಬರಬೇಕಾದ ವಿಷಯಗಳೇ. ಆದರೆ ಅಕ್ಷರವು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸ್ಥಳಾಂತರಗೊಳ್ಳುತ್ತಿರುವುದು ಇದೇ ಮೊದಲಲ್ಲ. ಚರ್ಮದಿಂದ ಕಾಗದಕ್ಕೆ, ಕೈಬರಹದಿಂದ ಅಚ್ಚಿಗೆ ಅದು ಹಿಂದೆಯೂ ಸಾಗಿ ಬಂದಿದೆ. ಆ ಇತಿಹಾಸವನ್ನು ತಿರುವಿ ಹಾಕಿದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆಯೆಂದು ಅರಿವಾಗುತ್ತದೆ. ಬರೆದಿಟ್ಟುದನ್ನು ಅಳಿಸುವ, ತಿದ್ದುವ, ಇನ್ನೊಬ್ಬರಿಗೆ ದಾಟಿಸುವ ಅಧಿಕಾರ ಯಾರ ಕೈಯಲ್ಲಿದೆ?

ಅಳಿಸಿದರೆ ತಿಳಿಯುವ ಹಾಳೆ

ಕಾಗದ ಚೀನಾದ ಕೊಡುಗೆ. ಕ್ರಿ.ಶ. 751ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರು ಸಮರ್ಕಂದದಲ್ಲಿ ಕಾಗದ ತಯಾರಿಸುವುದನ್ನು ಕಲಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಇಂದಿನ ಇತಿಹಾಸಕಾರರು ಅದನ್ನು ಹಾಗೆಯೇ ಒಪ್ಪುವುದಿಲ್ಲ. ಮಧ್ಯ ಏಷ್ಯಾದಲ್ಲಿ ಅದಕ್ಕಿಂತ ಮೊದಲೇ ಕಾಗದ ಬಳಕೆಯಲ್ಲಿತ್ತು. ಏನೇ ಇರಲಿ, ಎಂಟನೇ ಶತಮಾನದ ಕೊನೆಯ ಹೊತ್ತಿಗೆ ಅದು ಬಗ್ದಾದನ್ನು ತಲುಪಿತ್ತು. ಚರ್ಮದ ಹಾಳೆಗಳು ಸಾಕಾಗದೆ ಹೋದಾಗ ಕಾಗದ ತಯಾರಿಸಲು ಸಲಹೆಯಿತ್ತವನು ಬರ್ಮಕಿ ಮನೆತನದ ಫಝ್ಲ್ ಬಿನ್ ಯಹ್ಯಾ ಎಂದು ಇಬ್ನು ಖಲ್ದೂನ್ ಬರೆದಿದ್ದಾರೆ.

ಆದರೆ ಕಾಗದ ಗೆದ್ದದ್ದು ಅಗ್ಗವೆಂಬ ಒಂದೇ ಕಾರಣದಿಂದಲ್ಲ. ಈಜಿಪ್ಟಿನ ಮಮ್ಲೂಕ್ ಆಡಳಿತದಲ್ಲಿ ಬರಹಗಾರನಾಗಿದ್ದು 1418ರಲ್ಲಿ ನಿಧನನಾದ ಅಲ್ ಖಲ್ಕಶಂದಿ ಇನ್ನೊಂದು ಕಾರಣವನ್ನು ಹೇಳುತ್ತಾನೆ. ಚರ್ಮದ ಮೇಲಿನ ಬರಹವನ್ನು ಕೆರೆದು, ತೊಳೆದು, ಅದೇ ಜಾಗದಲ್ಲಿ ಬೇರೊಂದನ್ನು ಬರೆಯಬಹುದಿತ್ತು. ಹೀಗಾಗಿ ಸುಳ್ಳು ದಾಖಲೆ ಸೃಷ್ಟಿಸುವುದು ಸುಲಭವಿತ್ತು. ಕಾಗದದ ಸ್ವಭಾವ ಹಾಗಲ್ಲ. ತೊಳೆದರೆ ಅದು ಹಾಳಾಗುತ್ತದೆ, ಕೆರೆದರೆ ಗುರುತು ಉಳಿಯುತ್ತದೆ. ಆದ್ದರಿಂದಲೇ ಖಲೀಫಾ ಹಾರೂನ್ ರಶೀದ್ ಕಾಗದದಲ್ಲೇ ಬರೆಯಬೇಕೆಂದು ಆದೇಶಿಸಿದನಂತೆ. ಆರು ಶತಮಾನಗಳ ನಂತರದ ಈ ಹೇಳಿಕೆಯಲ್ಲಿ ಎಷ್ಟು ಅಂಶ ನಡೆದದ್ದೆಂಬುದು ಇಲ್ಲಿ ಮುಖ್ಯವಲ್ಲ. ಕಚೇರಿಯ ಕಾಗದಪತ್ರಗಳ ನಡುವೆಯೇ ಬಾಳಿದ ವ್ಯಕ್ತಿಯೊಬ್ಬ ಕಾಗದದಲ್ಲಿ ಕಂಡ ದೊಡ್ಡ ಗುಣ ಇದು: ಅದನ್ನು ಗುಟ್ಟಾಗಿ ತಿದ್ದಲಾಗದು.

ಠೇವಣಿಯಿಲ್ಲದೆ ಇನ್ನೂರು ಪುಸ್ತಕ

ಕಾಗದದ ಬೆನ್ನಿಗೆ ಒಂದು ಹೊಸ ವೃತ್ತಿಯೇ ಹುಟ್ಟಿತು. ‘ವರ್ರಾಖ್’ ಎಂದು ಕರೆಯಲ್ಪಡುತ್ತಿದ್ದವರು ಕಾಗದ ಮಾರುತ್ತಿದ್ದರು, ಪುಸ್ತಕಗಳ ಪ್ರತಿ ಮಾಡುತ್ತಿದ್ದರು, ಪುಸ್ತಕ ವ್ಯಾಪಾರವನ್ನೂ ನಡೆಸುತ್ತಿದ್ದರು. ಒಂಬತ್ತನೇ ಶತಮಾನದ ಬಗ್ದಾದಿನ ಒಂದೇ ಬಡಾವಣೆಯಲ್ಲಿ ಇಂತಹ ನೂರಕ್ಕೂ ಹೆಚ್ಚು ಅಂಗಡಿಗಳಿದ್ದವೆಂದು ಯಅ್‌ಖೂಬಿ ದಾಖಲಿಸಿದ್ದಾನೆ. ಬಸರಾದ ಮಹಾ ಲೇಖಕ ಜಾಹಿಝ್ ಈ ಅಂಗಡಿಗಳನ್ನೇ ಬಾಡಿಗೆಗೆ ಹಿಡಿದು, ರಾತ್ರಿಯಿಡೀ ಅಲ್ಲಿದ್ದ ಪುಸ್ತಕಗಳನ್ನು ಓದುತ್ತಿದ್ದನೆಂದು ಇಬ್ನು ನದೀಮ್ ಹೇಳುತ್ತಾನೆ. ಕೊಳ್ಳಲಾಗದವನಿಗೂ ಓದಲು ಒಂದು ದಾರಿ ಇತ್ತೆಂಬುದಕ್ಕೆ ಇದು ಸಾಕ್ಷಿ.

ಭೂಗೋಳ ಶಾಸ್ತ್ರಜ್ಞ ಯಾಖೂತ್ ಹಮವಿಯ ಅನುಭವ ಇನ್ನೂ ಹೃದಯಸ್ಪರ್ಶಿಯಾದುದು. ಹದಿಮೂರನೇ ಶತಮಾನದ ಆರಂಭದಲ್ಲಿ ಆತ ಮಧ್ಯ ಏಷ್ಯಾದ ಮರ್ವ್ ನಗರದಲ್ಲಿ ಕೆಲಕಾಲ ನೆಲೆಸಿದ್ದ. ಅಲ್ಲಿ ವಕ್ಫ್ ಮಾಡಲಾದ ಹತ್ತು ಗ್ರಂಥಾಲಯಗಳಿದ್ದವು. ತನ್ನ ಮನೆಯಲ್ಲಿ ಯಾವಾಗಲೂ ಅಲ್ಲಿಂದ ತಂದ ಇನ್ನೂರು ಅಥವಾ ಅದಕ್ಕಿಂತ ಹೆಚ್ಚು ಸಂಪುಟಗಳಿರುತ್ತಿದ್ದವು, ಅವುಗಳಲ್ಲಿ ಹೆಚ್ಚಿನವಕ್ಕೆ ಠೇವಣಿಯನ್ನೇ ಕೇಳುತ್ತಿರಲಿಲ್ಲ ಎಂದು ಆತ ಕೃತಜ್ಞತೆಯಿಂದ ನೆನೆದಿದ್ದಾನೆ. ಊರಿಗೆ ಹೊಸಬನಾದ ವಿದ್ವಾಂಸನೊಬ್ಬನಿಗೆ ಇಷ್ಟೊಂದು ಬೆಲೆಬಾಳುವ ಪುಸ್ತಕಗಳನ್ನು ನಂಬಿಕೆಯ ಮೇಲೆ ಕೊಟ್ಟು ಕಳಿಸುತ್ತಿದ್ದ ಸಮಾಜವದು. 1221ರಲ್ಲಿ ಮಂಗೋಲರು ಆ ನಗರವನ್ನೇ ನೆಲಸಮಗೊಳಿಸಿದರು. ಪುಸ್ತಕಗಳು ಹೋದವು. ಯಾಖೂತ್ ಓದಿ ತನ್ನ ಗ್ರಂಥಗಳಿಗೆ ಇಳಿಸಿಕೊಂಡದ್ದು ಉಳಿಯಿತು.

ಕಲ್ಲಚ್ಚಿನ ಕಾಲ

ಕೈಬರಹದಿಂದ ಅಚ್ಚಿಗೆ ಬರುವಾಗಲೂ ಹಿಂಜರಿಕೆ ಇತ್ತು. ಇಸ್ತಾಂಬುಲಿನಲ್ಲಿ ಇಬ್ರಾಹೀಮ್ ಮುತಫರ್ರಿಖಾನಿಗೆ ಮುದ್ರಣಾಲಯ ತೆರೆಯಲು ಸುಲ್ತಾನನ ಅನುಮತಿ ಸಿಕ್ಕಿದ್ದು 1727ರಲ್ಲಿ. ಮೊದಲ ಪುಸ್ತಕವಾದ ಅರಬಿ-ತುರ್ಕಿ ನಿಘಂಟು ಹೊರಬಂದದ್ದು 1729ರಲ್ಲಿ. ಆತ ಒಟ್ಟು ಪ್ರಕಟಿಸಿದ್ದು 17 ಕೃತಿಗಳನ್ನು ಮಾತ್ರ. ಇದನ್ನು ಬರೇ ಧಾರ್ಮಿಕ ವಿರೋಧವೆಂದು ವಿವರಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಒಂದಕ್ಕೊಂದು ಬೆಸೆದುಕೊಂಡು ಸಾಗುವ ಅಕ್ಷರಗಳನ್ನು ಬಿಡಿಬಿಡಿಯಾದ ಸೀಸದ ಮೊಳೆಗಳಿಗೆ ಒಗ್ಗಿಸುವುದು ಕಷ್ಟವಿತ್ತು. ಸುಂದರ ಕೈಬರಹಕ್ಕೆ ಒಗ್ಗಿದ ಕಣ್ಣಿಗೆ ಆ ಅಚ್ಚು ರುಚಿಸುತ್ತಲೂ ಇರಲಿಲ್ಲ.

ಇದಕ್ಕೆ ಪರಿಹಾರ ಒದಗಿಸಿದ್ದು 1796ರ ಸುಮಾರಿಗೆ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು. ಜಿಡ್ಡಿನ ಶಾಯಿಯಿಂದ ಬರೆದ ಬರಹವನ್ನು ಕಲ್ಲಿನ ಮೇಲೆ ಮೂಡಿಸಿ, ಅದರಿಂದ ನೂರಾರು ಪ್ರತಿ ತೆಗೆಯುವ ವಿಧಾನವದು. ಕಾತಿಬನ ಕೈ ಹಾಗೆಯೇ ಉಳಿಯಿತು, ಬೆಲೆ ಮಾತ್ರ ಇಳಿಯಿತು. 1858ರಲ್ಲಿ ಲಕ್ನೋದಲ್ಲಿ ಮುನ್ಷಿ ನವಲ್ ಕಿಶೋರ್ ಆರಂಭಿಸಿದ ಮುದ್ರಣಾಲಯ ಉರ್ದು, ಫಾರ್ಸಿ, ಅರಬಿ, ಹಿಂದಿ, ಸಂಸ್ಕೃತ ಗ್ರಂಥಗಳನ್ನು ಜನಸಾಮಾನ್ಯರ ಕೈಗೆಟುಕಿಸಿತು. ಕುರ್‌ಆನ್ ಮುದ್ರಿಸಿ ಮನೆಮನೆಗೆ ತಲುಪಿಸಿದವರಲ್ಲಿ ಈ ಹಿಂದೂ ಪ್ರಕಾಶಕರೂ ಒಬ್ಬರೆಂಬುದನ್ನು ನಾವು ಮರೆಯಬಾರದು.

ಕನ್ನಡದ ಕಥೆಯೂ ಇದಕ್ಕಿಂತ ದೂರವಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಶ್ರೀರಾಂಪುರದಲ್ಲಿ. ನಮ್ಮ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಕಲ್ಲಚ್ಚಿನಲ್ಲೇ. ಮರುವರ್ಷ ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಅದು ಸ್ಥಳಾಂತರಗೊಂಡಿತು. ಒತ್ತಕ್ಷರ, ಗುಣಿತಾಕ್ಷರಗಳ ಕನ್ನಡ ಲಿಪಿ ಪ್ರತಿಯೊಂದು ಹೊಸ ಯಂತ್ರದ ಎದುರೂ ಹೀಗೆಯೇ ಕಾಯಬೇಕಾಗಿ ಬಂದಿದೆ. ಈ ಮಾತಿಗೆ ಮುಂದೆ ಮತ್ತೆ ಬರೋಣ.

ವಿದ್ಯುತ್ತಿನ ಶಾಯಿ

ಇ-ಪುಸ್ತಕಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ವಿಶ್ವವಿದ್ಯಾನಿಲಯದ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿದರು. ಅದೇ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನ ಆರಂಭ. ಹಂಚಿಕೊಳ್ಳುವ ಉದ್ದೇಶದಿಂದಲೇ ಇ-ಪುಸ್ತಕ ಹುಟ್ಟಿತೆಂಬುದನ್ನು ಇಲ್ಲಿ ಗಮನಿಸಬೇಕು.

ಕಂಪ್ಯೂಟರಿನ ಪರದೆಯಲ್ಲಿ ಗಂಟೆಗಟ್ಟಲೆ ಓದುವುದು ಹಿಂಸೆಯಾಗಿತ್ತು. 1997ರಲ್ಲಿ ಸ್ಥಾಪನೆಯಾದ ಇ-ಇಂಕ್ ಸಂಸ್ಥೆ ಇದಕ್ಕೆ ದಾರಿ ತೋರಿತು. ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ ಹಾಯಿಸಿದಾಗ ಯಾವುದೋ ಒಂದು ಬಣ್ಣ ಮೇಲೆ ಬಂದು ಅಕ್ಷರ ಮೂಡುತ್ತದೆ. ಪುಟ ಬದಲಿಸುವಾಗ ಮಾತ್ರ ವಿದ್ಯುತ್ ಬೇಕಾದುದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬಾಳುತ್ತದೆ. ಕಾಗದದಂತೆಯೇ ಬಿದ್ದ ಬೆಳಕನ್ನು ಪ್ರತಿಫಲಿಸುವುದರಿಂದ ಬಿಸಿಲಿನಲ್ಲೂ ಓದಬಹುದು.

ದಿನನಿತ್ಯದ ಓದಿಗೆ ಇದರ ಉಪಕಾರ ಸಣ್ಣದಲ್ಲ. ದೃಷ್ಟಿ ಮಂದವಾದ ಹಿರಿಯರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಪಠ್ಯ ಡಿಜಿಟಲ್ ರೂಪದಲ್ಲಿದ್ದರೆ ಅಂಧರಿಗೆ ಯಂತ್ರ ಓದಿ ಹೇಳಬಲ್ಲದು. ಅಂಧರ ಓದಿನ ಹಕ್ಕಿಗಾಗಿ 2013ರಲ್ಲಿ ಏರ್ಪಟ್ಟ ಮರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ನಮ್ಮದು. ಕೊಲ್ಲಿಯ ಕೋಣೆಯೊಂದರಲ್ಲಿ ನಾಲ್ಕಾರು ಮಂದಿಯೊಂದಿಗೆ ಬದುಕುವವನಿಗೆ ಕಪಾಟಿಡಲು ಜಾಗವೆಲ್ಲಿ? ಅವನಿಗೆ ಈ ಹಲಗೆಯೇ ಗ್ರಂಥಾಲಯ.

ಓದಿದ್ದು ಮನಸ್ಸಿನಲ್ಲಿ ಉಳಿಯುತ್ತದೆಯೇ? 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಮಾಹಿತಿ ಪ್ರಧಾನವಾದ ಬರಹವನ್ನು ಪರದೆಗಿಂತ ಕಾಗದದಲ್ಲಿ ಓದಿದವರೇ ಚೆನ್ನಾಗಿ ಗ್ರಹಿಸುತ್ತಾರೆ. ಕಥೆಗಳ ವಿಷಯದಲ್ಲಿ ಅಂತಹ ವ್ಯತ್ಯಾಸ ಕಂಡುಬಂದಿಲ್ಲ. ಅಂದರೆ ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಠ್ಯಪುಸ್ತಕ ಕಾಗದದಲ್ಲೇ ಇರಲಿ, ರೈಲಿನಲ್ಲಿ ಕಾದಂಬರಿ ಓದುವವರು ನಿಶ್ಚಿಂತೆಯಿಂದ ಯಂತ್ರ ಹಿಡಿಯಲಿ.

ರಾತ್ರೋರಾತ್ರಿ ಮಾಯವಾದದ್ದು

ಹಾಗಾದರೆ ನಮ್ಮ ತಕರಾರೇನು? ಇ-ಇಂಕ್ ಬಳಸಿದ ಮೊದಲ ಓದುಯಂತ್ರ ಸೋನಿಯ ಲಿಬ್ರಿಯೆ 2004ರಲ್ಲಿ ಜಪಾನಿನಲ್ಲಿ ಬಂತು. ಅದಕ್ಕಾಗಿ ಪಡೆದ ಪುಸ್ತಕ 60 ದಿನಗಳ ನಂತರ ತಾನಾಗಿಯೇ ಓದಲು ಸಿಗದಂತಾಗುತ್ತಿತ್ತು. 2007ರ ನವೆಂಬರ್ 19ರಂದು 399 ಡಾಲರ್ ಬೆಲೆಗೆ ಬಂದ ಅಮೆಜಾನಿನ ಕಿಂಡಲ್ ಕೆಲವೇ ಗಂಟೆಗಳಲ್ಲಿ ಖರ್ಚಾಯಿತು. 2009ರ ಜುಲೈಯಲ್ಲಿ, ಹಕ್ಕುಗಳಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣಕ್ಕೆ ಕಂಪೆನಿಯು ಎರಡು ಪುಸ್ತಕಗಳನ್ನು ಗ್ರಾಹಕರ ಯಂತ್ರಗಳಿಂದ ದೂರದಿಂದಲೇ ಅಳಿಸಿ ಹಾಕಿತು. ಹಣ ಮರಳಿಸಿತು, ಬಳಿಕ ಕ್ಷಮೆಯನ್ನೂ ಯಾಚಿಸಿತು. ಅಳಿಸಿ ಹೋದವು ಜಾರ್ಜ್ ಆರ್ವೆಲ್‌ರ ‘1984’ ಮತ್ತು ‘ಅನಿಮಲ್ ಫಾರ್ಮ್’. ಅಧಿಕಾರದಲ್ಲಿರುವವರು ಹಳೆಯ ದಾಖಲೆಗಳನ್ನು ತಿದ್ದಿ ಇತಿಹಾಸವನ್ನೇ ಬದಲಿಸುವ ಕಥೆಯಿರುವ ಪುಸ್ತಕವೇ ಹಾಗೆ ಮಾಯವಾಯಿತು!

2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಗ್ರಾಹಕರು ಕೊಂಡಿದ್ದ ಪುಸ್ತಕಗಳೂ ಹೋದವು. ಅಲ್ಲೂ ಹಣ ಮರಳಿತು, ಪುಸ್ತಕ ಮರಳಲಿಲ್ಲ. 2025ರ ಫೆಬ್ರವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನು ನಿಲ್ಲಿಸಿತು. ಇವಕ್ಕೆಲ್ಲ ಕಾರಣ ಒಂದೇ. ನಾವು ‘ಕೊಂಡೆವು’ ಎಂದುಕೊಳ್ಳುವ ಇ-ಪುಸ್ತಕದಲ್ಲಿ ನಮಗೆ ಸಿಗುವುದು ಓದುವ ಪರವಾನಗಿ ಮಾತ್ರ. ಖಲ್ಕಶಂದಿ ಮೆಚ್ಚಿದ ಗುಣವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಗುರುತೇ ಉಳಿಯದಂತೆ ಅಳಿಸಬಹುದಾದ ಹಾಳೆಗೆ ನಾವು ಹನ್ನೆರಡು ಶತಮಾನಗಳ ಬಳಿಕ ಮರಳಿ ಹೋಗಿದ್ದೇವೆ.

ಕಾಗದವೂ ಅಮರವಲ್ಲ

ಹಾಗೆಂದು ಕಾಗದವನ್ನು ಪೂಜಿಸುವಂತೆಯೂ ಇಲ್ಲ. 1992ರ ಆಗಸ್ಟಿನಲ್ಲಿ ಶೆಲ್ ದಾಳಿಗೆ ತುತ್ತಾದ ಸರಾಯೆವೊದ ರಾಷ್ಟ್ರೀಯ ಗ್ರಂಥಾಲಯದ ಬೂದಿ ನಗರದ ಮೇಲೆಲ್ಲ ಹಾರಾಡಿತು. 2021ರ ಏಪ್ರಿಲಿನಲ್ಲಿ ನಮ್ಮದೇ ಮೈಸೂರಿನ ರಾಜೀವನಗರದಲ್ಲಿ, ಕೂಲಿ ಮಾಡಿ ಬದುಕುವ ಮುಸ್ಲಿಮ್ ಹಿರಿಯರೊಬ್ಬರು ಬಡಾವಣೆಯ ಜನರಿಗಾಗಿ ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಸುಮಾರು 11 ಸಾವಿರ ಪುಸ್ತಕಗಳಿದ್ದವು, ಹೆಚ್ಚಿನವು ಕನ್ನಡದವು. ತನಗೆ ಸಿಗದ ವಿದ್ಯೆ ಇತರರಿಗಾದರೂ ಸಿಗಲೆಂದು ಅವರು ಕೂಡಿಸಿಟ್ಟವು. ಮರ್ವ್‌ನ ವಕ್ಫ್ ಗ್ರಂಥಾಲಯಗಳ ಹಿಂದಿದ್ದ ಮನಸ್ಸೇ ಇಲ್ಲಿಯೂ ಇತ್ತು.

ಇಂತಹ ಅಪಾಯದಿಂದ ಕಾಪಾಡುವುದು ಡಿಜಿಟಲ್ ಪ್ರತಿಯೇ. 2012-13ರಲ್ಲಿ ಟಿಂಬಕ್ಟುವಿನ ಹಸ್ತಪ್ರತಿಗಳನ್ನು ಜನರು ಪೆಟ್ಟಿಗೆಗಳಲ್ಲಿ ಬಚ್ಚಿಟ್ಟು ಬಮಾಕೊ ನಗರಕ್ಕೆ ಸಾಗಿಸಿದರು. ಅಲ್ಲಿ ಅವುಗಳ ಡಿಜಿಟಲ್ ಪ್ರತಿ ಮಾಡುವ ಕೆಲಸ ನಡೆಯಿತು. ಪ್ರತಿಗಳು ಹಲವು ಕಡೆ ಇದ್ದಷ್ಟೂ ಪುಸ್ತಕದ ಆಯುಸ್ಸು ಹೆಚ್ಚು. ಆದರೆ ಆ ಪ್ರತಿಗಳೆಲ್ಲ ಒಂದೇ ಕಂಪೆನಿಯ ಬೀಗದೊಳಗಿದ್ದರೆ ಅವು ಹಲವು ಪ್ರತಿಗಳಲ್ಲ, ಒಂದೇ ಪ್ರತಿ.

ಕನ್ನಡದ ಓದುಗನಿಗೇನು?

2016ರ ಡಿಸೆಂಬರಿನಲ್ಲಿ ಕಿಂಡಲ್ ಭಾರತೀಯ ಭಾಷೆಗಳ ಪುಸ್ತಕಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳು ಒಳಗೆ ಬಂದವು. ಕನ್ನಡ ಹೊರಗೆ ನಿಂತಿತು. ಯುನಿಕೋಡ್‌ನಲ್ಲಿ 1991ರಿಂದಲೂ ಕನ್ನಡವಿದೆ. ಆದರೂ ನಮ್ಮ ಪುಸ್ತಕಗಳು ಬಹುಕಾಲ ಹಳೆಯ ಅಕ್ಷರವಿನ್ಯಾಸಗಳಲ್ಲೇ ಸಿದ್ಧಗೊಂಡವು. ಅವುಗಳನ್ನು ಯುನಿಕೋಡ್‌ಗೆ ಬದಲಿಸಿ ಕರಡು ತಿದ್ದದೆ ಇ-ರೀಡರಿನಲ್ಲಿ ಸರಿಯಾಗಿ ಓದಲಾಗದು. ಹಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಪುಟಗಳ ಫೋಟೋ ರೂಪದಲ್ಲಿ. ಆರಿಂಚಿನ ಪರದೆಯಲ್ಲಿ ಅಂತಹ ಪುಟವನ್ನು ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಜರುಗಿಸಿ ಓದುವುದರೊಳಗೆ ಓದುವ ಉತ್ಸಾಹವೇ ಬತ್ತಿಹೋಗುತ್ತದೆ. ಕನ್ನಡಿಗರೇ ಕಟ್ಟಿದ ಇ-ಪುಸ್ತಕ ಮಳಿಗೆಗಳು ಬಂದದ್ದು, 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ಆರಂಭಿಸಿದ್ದು ಸಮಾಧಾನದ ಸಂಗತಿಗಳು. ಆದರೆ ಅವುಗಳನ್ನು ಹೆಚ್ಚಿನವರು ಬಳಸುವುದು ಮೊಬೈಲಿನಲ್ಲಿ. ಅಲ್ಲಿ ಪ್ರತಿ ಐದು ನಿಮಿಷಕ್ಕೊಮ್ಮೆ ವಾಟ್ಸ್‌ಆ್ಯಪ್ ಓದುಗನನ್ನು ಕರೆದೊಯ್ಯುತ್ತದೆ.

ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನಾವು ಹೇಳುವುದಿಲ್ಲ. ಪ್ರಯಾಣಕ್ಕೆ, ಮಂದದೃಷ್ಟಿಗೆ, ಹಕ್ಕುಸ್ವಾಮ್ಯ ಮುಗಿದ ಹಳೆಯ ಗ್ರಂಥಗಳಿಗೆ ಯಂತ್ರ ಇರಲಿ. ಮಕ್ಕಳಿಗೆ ಬಿಟ್ಟುಹೋಗಬೇಕೆನ್ನಿಸುವ, ನೆರೆಯವರಿಗೆ ಓದಲು ಕೊಡಬೇಕೆನ್ನಿಸುವ ಪುಸ್ತಕವನ್ನು ಕಾಗದದಲ್ಲೇ ಕೊಳ್ಳೋಣ. ಇ-ಪುಸ್ತಕ ಮಾರುವವರನ್ನು ಕೇಳೋಣ: ಇದನ್ನು ನಾನು ಇನ್ನೊಬ್ಬರಿಗೆ ಕೊಡಬಹುದೇ? ನಿಮ್ಮ ಅಂಗಡಿ ಮುಚ್ಚಿದರೆ ಇದು ನನ್ನ ಬಳಿ ಉಳಿಯುತ್ತದೆಯೇ? ಇಂತಹ ಪ್ರಶ್ನೆಗಳನ್ನು ಕೇಳುವ ಓದುಗರು ಹೆಚ್ಚಿದರೆ ಉತ್ತರವೂ ಬದಲಾದೀತು. ಅಲ್ಲಿಯವರೆಗೆ, ಮಗ ತಂದ ಹಲಗೆಯ ಪಕ್ಕದಲ್ಲಿ ನಾಲ್ಕು ಮುದ್ರಿತ ಪುಸ್ತಕಗಳೂ ಇರಲಿ, ಪಕ್ಕದ ಮನೆಯವರು ಕೇಳಿದಾಗ ಕೊಡಲಿಕ್ಕೆ.