ಇಕ್ಕೇರಿಯ ಕೋಲಾಟವೂ ದೇವಗಂಗೆಯ ಕೊಳವೂ

ಯುರೋಪಖಂಡದ ಉತ್ತರಭಾಗದಲ್ಲಿರುವ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿಗೆ ಬೇಸಗೆಯಲ್ಲಿ ವಿಹಾರನೌಕೆಗಳು ಬರುವುವು. ಅವುಗಳಿಂದ ಇಳಿದ ಯಾತ್ರಿಕರಲ್ಲಿ ಅನೇಕರು ಟಿವೋಲಿ ಎಂಬ ವಿನೋದೋದ್ಯಾನವನ್ನು ಕಾಣಲು ಹೋಗುವರು. ಗಿಯಾರ್ಗ್ ಕಾರ್ಸ್ಟೆನ್ಸೆನ್ ಎಂಬವನು ಅರಸನಾದ ಎಂಟನೆಯ ಕ್ರಿಶ್ಚಿಯನ್ನನ ಅಪ್ಪಣೆಯನ್ನು ಪಡೆದು 1843ನೆಯ ಆಗಸ್ಟ್ 15ರಂದು ಅದರ ಬಾಗಿಲನ್ನು ತೆರೆದನು. ಪ್ರಜೆಗಳು ವಿನೋದದಲ್ಲಿ ಮುಳುಗಿದ್ದರೆ ರಾಜಕಾರಣದ ಗೊಡವೆಗೆ ಹೋಗರೆಂದು ಹೇಳಿ ಅವನು ಅರಸನನ್ನು ಒಡಂಬಡಿಸಿದನೆಂದು ಪ್ರತೀತಿಯುಂಟು. ಉದ್ಯಾನದ ನೆಲವು ಪೂರ್ವದಲ್ಲಿ ನಗರದ ಕೋಟೆಯ ಹೊರಮೈಯಾಗಿದ್ದಿತು. ಅಲ್ಲಿಯ ಸರೋವರವು ಹಳೆಯ ಕಂದಕದ ಉಳಿದ ಭಾಗವಲ್ಲದೆ ಬೇರೆಯಲ್ಲ.

ಇಂತಹ ವಿನೋದಸ್ಥಾನಗಳು ಪಶ್ಚಿಮದೇಶಗಳ ಸೊತ್ತೇ ಎಂದು ಭಾವಿಸುವವರು ನಮ್ಮ ಮಲೆನಾಡಿನ ಚರಿತ್ರೆಯತ್ತ ಒಮ್ಮೆ ದೃಷ್ಟಿಯನ್ನು ಹೊರಳಿಸಬೇಕು. ಟಿವೋಲಿಯು ಹುಟ್ಟುವುದಕ್ಕೆ 220 ವರ್ಷಗಳ ಮೊದಲೇ ಯುರೋಪಿನ ಯಾತ್ರಿಕನೊಬ್ಬನು ಹಡಗನ್ನೇರಿ ಬಂದು ಸಾಗರ ಸೀಮೆಯ ವಿನೋದವನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಅವನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. 1614ರಲ್ಲಿ ವೆನಿಸ್ಸಿನಿಂದ ಹೊರಟು, ಪರ್ಶಿಯಾದಲ್ಲಿ ಪ್ರಿಯಪತ್ನಿಯನ್ನು ಕಳೆದುಕೊಂಡು, ಆಕೆಯ ಶವವನ್ನು ರೋಮಿಗೆ ಕೊಂಡೊಯ್ಯುವ ಸಂಕಲ್ಪದಿಂದ ತಿರುಗುತ್ತಿದ್ದ ದುಃಖಿಯವನು. 1623ರಲ್ಲಿ ಗೋವೆಯಿಂದ ಪೋರ್ಚುಗೀಸರ ರಾಯಭಾರಿಯೊಡನೆ ಸಮುದ್ರಮಾರ್ಗವಾಗಿ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯಿಂದ ಗೇರುಸೊಪ್ಪೆಗೆ ಸಾಗಿ, ಘಟ್ಟವನ್ನೇರಿ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಯನ್ನು ಸೇರಿದನು.

ಅಲ್ಲಿ ಅವನ ಮನಸ್ಸನ್ನು ಸೆಳೆದ ನೋಟಗಳಲ್ಲೊಂದು ಹೆಣ್ಣುಮಕ್ಕಳ ಕೋಲಾಟ. ಬಣ್ಣ ಹಚ್ಚಿದ ಚಿಕ್ಕ ಕೋಲುಗಳನ್ನು ಹಿಡಿದ ಕನ್ಯೆಯರು ವಾದ್ಯದ ತಾಳಕ್ಕೆ ಸರಿಯಾಗಿ ಅವನ್ನು ತಾಕಿಸುತ್ತ ಕುಣಿದುದನ್ನೂ, ಒಬ್ಬಳು ಪದವನ್ನು ಹಾಡಲು ಉಳಿದವರು ‘ಕೋಲೇ’ ಎಂದು ಮರಳಿ ಮರಳಿ ದನಿಗೂಡಿಸಿದುದನ್ನೂ ಅವನು ತನ್ನ ಪತ್ರದಲ್ಲಿ ವರ್ಣಿಸಿರುವನು. ಇದು ಗೌರಿಯ ಹಬ್ಬದ ಉತ್ಸವವೆಂದೂ ಅವನಿಗೆ ತಿಳಿದುಬಂದಿತು. ಆ ವಿನೋದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ. ಊರ ಬೀದಿಯೇ ರಂಗಸ್ಥಳ.

ಮುಂದೆ ಬಿಜಾಪುರದವರ ದಂಡಯಾತ್ರೆಯಿಂದ ಇಕ್ಕೇರಿಯು ನಷ್ಟಪಡಲು, 1639ರ ಸುಮಾರಿಗೆ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಬಿದನೂರಿಗೆ ಸಮೀಪದ ಬಸವನಬ್ಯಾಣದಲ್ಲಿ ಕೆಳದಿಯ ಅರಸರು ದೇವಗಂಗೆ ಎಂಬ ಕೊಳಗಳ ಸಮುಚ್ಚಯವನ್ನು ಕಟ್ಟಿಸಿದರು. ಬ್ಯಾಣವೆಂದರೆ ಮಲೆನಾಡಿನವರ ಮಾತಿನಲ್ಲಿ ಹುಲ್ಲುಗಾವಲು. ಹಿರಿಯ ಕೊಳದ ನಡುವೆ ಶಿವನ ಗುಡಿ. ಸುತ್ತಲೂ ಬೇರೆ ಬೇರೆ ಆಕಾರಗಳ ಕಿರುಗೊಳಗಳು. ಗುಡ್ಡದ ಒರತೆಯ ನೀರು ಯಂತ್ರದ ನೆರವಿಲ್ಲದೆ ಒಂದರಿಂದ ಒಂದಕ್ಕೆ ಹರಿಯುವಂತೆ ಕಲ್ಲನ್ನು ಜೋಡಿಸಿದ ಶಿಲ್ಪಿಗಳ ಜಾಣ್ಮೆಯು ಇಂದಿಗೂ ಸ್ತುತ್ಯವಾಗಿದೆ. ಇದು ರಾಜಪರಿವಾರದ ಜಲವಿಹಾರಕ್ಕೆ ಮೀಸಲಾಗಿದ್ದಿತೆಂದು ಹೇಳುವರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದನು. ಅದೇ ಇಂದಿನ ಹೊಸನಗರ ತಾಲೂಕಿನ ನಗರ. ಅರಸರು ಅಳಿದರು, ವಿಹಾರವೂ ನಿಂತಿತು. ನೀರು ಮಾತ್ರ ಹರಿಯುತ್ತಲೇ ಇದೆ.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ತತ್ತ್ವವು ಸ್ಪಷ್ಟವಾಗುವುದು. ವಿನೋದವು ಯಾರ ಸೊತ್ತೋ ಅವರ ಆಯುಸ್ಸೇ ಅದರ ಆಯುಸ್ಸು. ವಿಯೆನ್ನಾದ ಪ್ರಾಟರ್ ಎಂಬ ಬೇಟೆಯ ವನವನ್ನು ಎರಡನೆಯ ಜೋಸೆಫನು 1766ರಲ್ಲಿ ಪ್ರಜೆಗಳಿಗೆ ಬಿಟ್ಟುಕೊಟ್ಟನು; ಸಾಮ್ರಾಜ್ಯವು ಹೋದರೂ ಪ್ರಾಟರ್ ಉಳಿಯಿತು. 1944ರಲ್ಲಿ ಜರ್ಮನರ ಕಡೆಯವರು ಟಿವೋಲಿಯ ಕಟ್ಟಡಗಳನ್ನು ಸಿಡಿಮದ್ದಿನಿಂದ ಕೆಡವಿದರು; ಕೆಲವೇ ವಾರಗಳಲ್ಲಿ ಅದು ಮರಳಿ ತೆರೆಯಿತು. ಕೋಲಾಟಕ್ಕೆ ಅರಮನೆಯ ಆಸರೆ ಬೇಕಾಗಲಿಲ್ಲವಾದುದರಿಂದ ಅರಮನೆಯೊಡನೆ ಅಳಿಯಲೂ ಇಲ್ಲ. ಸಾಗರದ ಮಾರಿಕಾಂಬೆಯ ಜಾತ್ರೆಗೂ ತೀರ್ಥಹಳ್ಳಿಯ ಎಳ್ಳಮಾವಾಸ್ಯೆಗೂ ಜನರು ಇಂದಿಗೂ ನೆರೆಯುವರು.

ದೇವಗಂಗೆಗೆ ಆ ಭಾಗ್ಯವು ಪೂರ್ಣವಾಗಿ ಒದಗಿಲ್ಲ. ದೂರದ ಉದ್ಯಾನಗಳನ್ನು ಕಂಡು ಮೆಚ್ಚಿ ಬಂದವರು ಬಸವನಬ್ಯಾಣದ ಮೆಟ್ಟಲಿನ ಮೇಲೂ ಒಂದು ಗಳಿಗೆ ಕುಳಿತರೆ, ಅರಸರ ಕೊಳವು ಪ್ರಜೆಗಳದಾಗುವುದು. ತಮ್ಮದೆಂದು ತಿಳಿದುದನ್ನು ಜನರು ಹಾಳಾಗಗೊಡರು.