ಜಾರಿದ ಗಂಟು: ಗಾಳದ ದಾರದ 500 ವರ್ಷಗಳ ಕಥೆ

ಭಾಗ 1/5: ಸುರುಳಿ

ಮೊದಲ ಫೋಟೊ ಝೂಮ್ ಮಾಡಿ ನೋಡಿ. ಅದು ಕೂದಲಲ್ಲ, ನನ್ನ ನೈಲಾನ್ ದಾರದ ತುದಿ. ಸ್ಪ್ರಿಂಗ್ ಥರ ಸುರುಳಿ ಸುತ್ತಿಕೊಂಡಿದೆ ಅಲ್ವಾ?

ಹೋದ ಭಾನುವಾರ ಮಲ್ಪೆಯಲ್ಲಿ ಕಲ್ಲುಗಳ ಮೇಲೆ ನಿಂತಿದ್ದೆ. ದೊಡ್ಡ ಮುರು ಮೀನೇ ಇರಬೇಕು, ಗಾಳ ಕಚ್ಚಿದ್ದೇ ಕಲ್ಲಿನ ಸಂದಿಗೆ ನುಗ್ಗಿತು. ಎಳೆದೆ. ದಾರ ಸಡಿಲ. ಅಷ್ಟೇ.

“ಛೇ, ದಾರ ತುಂಡಾಯ್ತು” ಅಂದೆ. ಮಾವ ತುದಿ ಹಿಡಿದು ನೋಡಿ, “ತುಂಡಾದ್ದಲ್ಲ ಮಾರಾಯ, ಗಂಟು ಜಾರಿದ್ದು” ಅಂದ್ರು. ತುಂಡಾದ ದಾರದ ತುದಿ ನೇರ ಇರ್ತದೆ. ಜಾರಿದ ಗಂಟು ಹೀಗೆ ಸುರುಳಿ ಬಿಟ್ಟು ಹೋಗ್ತದೆ. ತಪ್ಪು ಮೀನಿನದ್ದೂ ಅಲ್ಲ, ದಾರದ್ದೂ ಅಲ್ಲ. ನನ್ನದು.

ಒಂದು ಮೀಟರ್ ಲೀಡರ್, ಒಂದು ಕೊಕ್ಕೆ, ಎರಡನ್ನೂ ಬಾಯಲ್ಲಿ ಹೊತ್ತುಕೊಂಡು ಆ ಮೀನು ಈಗಲೂ ಅಲ್ಲೆಲ್ಲೋ ಇದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಈ ಗಂಟಿನ ಇತಿಹಾಸ ಓದೋಕೆ ಕೂತೆ.

ಭಾಗ 2/5: ಕುದುರೆ ಬಾಲ

ಲೀಡರ್ ಅಂದ್ರೆ ಮುಖ್ಯ ದಾರಕ್ಕೂ ಕೊಕ್ಕೆಗೂ ನಡುವೆ ಇರೋ ತುಂಡು. ಮೀನಿನ ಕಣ್ಣಿಗೆ ಬೀಳಬಾರದು ಅಂತ ತೆಳ್ಳಗೆ ಇಡ್ತಾರೆ, ಇಲ್ಲಾ ಕಲ್ಲಿಗೆ ಉಜ್ಜಿದ್ರೂ ತಾಳಲಿ ಅಂತ ದಪ್ಪ ಇಡ್ತಾರೆ. ಎರಡು ಬೇರೆ ದಾರ ಸೇರೋ ಕಡೆ ಒಂದು ಗಂಟು ಬೇಕೇ ಬೇಕು.

1496ರಲ್ಲಿ ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಒಂದು ಪುಸ್ತಕ ಅಚ್ಚಾಯ್ತು. ಆಗಿನ ದಾರ ಕುದುರೆ ಬಾಲದ ಕೂದಲು! ಯಾವ ಮೀನಿಗೆ ಎಷ್ಟು ಕೂದಲು ಹೊಸೆಯಬೇಕು ಅನ್ನೋ ಲೆಕ್ಕವೂ ಅದರಲ್ಲಿದೆ: ಪುಟ್ಟ ಮೀನಿಗೆ 1, ಟ್ರೌಟ್‌ಗೆ 9, ಸಾಲ್ಮನ್‌ಗೆ 15. ಕೂದಲಿನ ಉದ್ದವೇ ಕಡಿಮೆ, ಹಾಗಾಗಿ ತುಂಡಿಗೆ ತುಂಡು ಗಂಟು ಹಾಕುತ್ತಾ ಹೋಗಬೇಕು. ಅದಕ್ಕೆ ಬಳಸುತ್ತಿದ್ದ ಗಂಟಿನ ಹೆಸರು ‘ನೀರುಗಂಟು’.

ಇನ್ನೊಂದು ಮಜಾ ವಿಷಯ. ಗಂಡು ಕುದುರೆಯ ಬಾಲವೇ ಆಗಬೇಕಿತ್ತು. ಹೆಣ್ಣು ಕುದುರೆಯ ಬಾಲಕ್ಕೆ ಮೂತ್ರ ತಾಗಿ ಕೂದಲು ಬಲ ಕಳೆದುಕೊಳ್ಳುತ್ತೆ ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಆಗಲೇ ಬರೆದಿಟ್ಟಿದ್ದ.

ಭಾಗ 3/5: ನೂಲದ ರೇಷ್ಮೆ ಹುಳು

ರಾಮನಗರದ ಕಡೆಯವರಿಗೆ ರೇಷ್ಮೆ ಹುಳು ಹೊಸದಲ್ಲ. ಆದ್ರೆ ಸ್ಪೇನಿನ ಮುರ್ಸಿಯಾದಲ್ಲಿ ಹುಳುವಿಗೆ ಗೂಡು ಕಟ್ಟೋಕೇ ಬಿಡ್ತಿರಲಿಲ್ಲ. ನೂಲೋಕೆ ಸಿದ್ಧವಾದ ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಹೊಟ್ಟೆಯೊಳಗಿನ ರೇಷ್ಮೆ ಗ್ರಂಥಿಯನ್ನು ತೆಗೆದು, ಎರಡು ಕೈಯಲ್ಲಿ ಹಿಡಿದು ಎಳೆದು ಒಣಗಿಸ್ತಿದ್ರು. ಕೈಗೆ ಬರ್ತಿದ್ದದ್ದು ಒಂದೇ ಗಟ್ಟಿ ಎಳೆ, ಬಲವಾದದ್ದು, ನೀರಲ್ಲಿ ಕಾಣದೇ ಇರುವಂಥದ್ದು. ಇಂಗ್ಲಿಷಿನವರು ಅದನ್ನು ‘ಗಟ್’ ಅಂದ್ರು. 19ನೇ ಶತಮಾನದಲ್ಲಿ ಲೀಡರ್ ಅಂದ್ರೆ ಇದೇ.

ತೊಂದರೆ ಒಂದೇ: ಒಂದು ಎಳೆ ಸುಮಾರು ಒಂದು, ಒಂದೂವರೆ ಅಡಿ. ಒಂಬತ್ತು ಅಡಿ ಲೀಡರ್ ಬೇಕಂದ್ರೆ ಲೆಕ್ಕ ಹಾಕಿ. ಕನಿಷ್ಠ ಐದು ಗಂಟು! ಐದರಲ್ಲಿ ಒಂದು ಕೆಟ್ಟರೂ ಮೀನು ಹೋಯ್ತು. ಮತ್ತೆ ಒಣಗಿದ ಗಟ್‌ಗೆ ಗಂಟು ಹಾಕಿದ್ರೆ ಪಟ್ ಅಂತ ಮುರಿಯುತ್ತೆ. ಅದಕ್ಕೆ ಮೊದಲು ನೀರಲ್ಲಿ ನೆನೆಸಿಡಬೇಕು.

ನಮ್ಮೂರ ಕಡೆಗೂ ಈ ಹುಚ್ಚು ಬಂದಿತ್ತು. ಎಚ್. ಎಸ್. ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿಯ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಲ್ಲಿ!

ಭಾಗ 4/5: ನೈಲಾನ್ ಬಂತು

ಗಟ್ ಕಾಲದ ಕೊನೆಗೆ ಹೆಸರಾದ ಗಂಟು ‘ಬ್ಲಡ್ ನಾಟ್’. 1910ರಲ್ಲಿ ಎ. ಎಚ್. ಚೇಟರ್ ತನ್ನ ಮಕ್ಕಳಿಗೆ ಬರೆದ ಪತ್ರಗಳ ರೂಪದ ಸಾಲ್ಮನ್ ಪುಸ್ತಕದಲ್ಲಿ ಇದನ್ನು ವಿವರಿಸಿದ. ಅಪ್ಪ ಮಕ್ಕಳಿಗೆ ಹೇಳಿಕೊಟ್ಟ ಗಂಟು ಅನ್ನೋದು ನಂಗೆ ತುಂಬ ಇಷ್ಟವಾಯ್ತು.

ಹೀಗೆ ಕಟ್ಟೋದು (ಎರಡನೇ ಫೋಟೊ): ಎರಡು ತುದಿಗಳನ್ನು ಎದುರುಬದುರಾಗಿ ಒಂದರ ಮೇಲೊಂದು ಇಡಿ. ಒಂದನ್ನು ಇನ್ನೊಂದರ ಸುತ್ತ ಐದು ಸುತ್ತು. ತುದಿಯನ್ನು ನಡುವಿನ ಸಂದಿಗೆ ತನ್ನಿ. ಇನ್ನೊಂದು ಕಡೆಯೂ ಐದು ಸುತ್ತು. ಅದರ ತುದಿ ಅದೇ ಸಂದಿಯಲ್ಲಿ ಎದುರು ದಿಕ್ಕಿನಿಂದ ತೂರಲಿ. ಒದ್ದೆ ಮಾಡಿ, ನಿಧಾನಕ್ಕೆ ಎಳೆಯಿರಿ.

1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ತಂಡ ನೈಲಾನ್ ಮಾಡಿತು. ಎಷ್ಟು ಉದ್ದ ಬೇಕೋ ಅಷ್ಟು ಉದ್ದದ ದಾರ! ಹುಳುವಿನ ಅಳತೆಗೆ ಕಟ್ಟುಬೀಳಬೇಕಾಗಿಲ್ಲ. ಆದ್ರೆ ನೈಲಾನ್ ನುಣುಪು, ಹಳೆಯ ಗಂಟುಗಳು ಎಷ್ಟೋ ಅದರಲ್ಲಿ ಜಾರ್ತಿದ್ವು. ಬ್ಲಡ್ ನಾಟ್ ಉಳೀತು. ಯಾಕಂದ್ರೆ ಹಿಡಿತ ಒಂದೇ ಕಡೆ ಇಲ್ಲ, ಹತ್ತು ಸುತ್ತಿಗೆ ಹಂಚಿಹೋಗಿದೆ. ನಾನು ಅವಸರದಲ್ಲಿ ಹಾಕಿದ್ದು ಬರೀ ಎರಡೆರಡು ಸುತ್ತು. ಗೊತ್ತಾಯ್ತಲ್ಲ?

ಭಾಗ 5/5: ಉಗುಳು

ನನ್ನ ಎರಡನೇ ತಪ್ಪು: ತೆಳು ದಾರಕ್ಕೆ ಅದರ ಎರಡರಷ್ಟು ದಪ್ಪದ ಲೀಡರ್ ಕಟ್ಟಿದ್ದೆ. ಬ್ಲಡ್ ನಾಟ್ ಇರೋದು ಹೆಚ್ಚುಕಮ್ಮಿ ಒಂದೇ ದಪ್ಪದ ದಾರಗಳಿಗೆ. ದಪ್ಪ ಬೇರೆ ಬೇರೆ ಆದ್ರೆ ‘ಆಲ್‌ಬ್ರೈಟ್’ ಬೇಕು: ದಪ್ಪ ದಾರವನ್ನು ಮಡಚಿ, ಆ ಮಡಿಕೆಯ ಮೇಲೆ ತೆಳುವಾದದ್ದನ್ನು ಸುತ್ತೋದು. ಅಮೆರಿಕದ ಫ್ಲಾರಿಡಾ ಕೀಸ್‌ನಲ್ಲಿ ಮೀನುಗಾರರಿಗೆ ದಾರಿ ತೋರಿಸುತ್ತಿದ್ದ ಜಿಮ್ಮಿ ಆಲ್‌ಬ್ರೈಟ್ ಹೆಸರು ಅದಕ್ಕಿದೆ.

ಈಗ ಹೆಣೆದ ದಾರದ ಕಾಲ. ಅದು ಇನ್ನೂ ತೆಳು, ಇನ್ನೂ ನುಣುಪು. ಅದಕ್ಕೆ ‘ಎಫ್‌ಜಿ’ ಗಂಟು. ಅದರಲ್ಲಿ ಲೀಡರನ್ನು ಮಡಚೋದೇ ಇಲ್ಲ, ಹೆಣೆದ ದಾರ ಅದರ ಮೇಲೆ ಜಡೆಯ ಥರ ಸುತ್ತಿಕೊಂಡು, ಎಳೆದಷ್ಟೂ ಬಿಗಿಯಾಗ್ತದೆ.

ಕೂದಲು, ಹುಳು, ನೈಲಾನ್, ಹೆಣಿಗೆ. ದಾರ ಬದಲಾದಾಗೆಲ್ಲ ಗಂಟನ್ನೂ ಮತ್ತೆ ಕಲಿಯಬೇಕಾಯ್ತು. ಬದಲಾಗದ್ದು ಒಂದೇ, ಒದ್ದೆ ಮಾಡೋದು. ಗಟ್ ಮುರೀಬಾರದು ಅಂತ ಅವರು ನೀರಲ್ಲಿ ನೆನೆಸಿದ್ರು. ಬಿಗಿಯುವಾಗ ಉಜ್ಜಿ ಬಿಸಿಯಾಗಿ ನೈಲಾನ್ ಬಲ ಕಳ್ಕೋಬಾರದು ಅಂತ ನಾವು ಉಗುಳು ಹಚ್ತೇವೆ.

ಈ ವಾರ ಮಾವನ ಎದುರು ಕೂತು ಇಪ್ಪತ್ತು ಗಂಟು ಹಾಕಿದೆ. ಒಂದೊಂದನ್ನೂ ಅವರು ಜಗ್ಗಿ ನೋಡಿದ್ರು. ಹದಿಮೂರು ನಿಂತವು. ಇಪ್ಪತ್ತೂ ನಿಲ್ಲೋವರೆಗೆ ಮಲ್ಪೆಗೆ ಹೋಗಲ್ಲ ಅಂತ ತೀರ್ಮಾನ ಮಾಡಿದ್ದೇನೆ.

ನೀವೂ ಕಟ್ಟಿ ನೋಡಿ. ಜಗ್ಗಿ ನೋಡದೆ ಮಾತ್ರ ನೀರಿಗೆ ಹಾಕಬೇಡಿ. ಎಷ್ಟು ನಿಂತವು ಅಂತ ಕಾಮೆಂಟಲ್ಲಿ ಬರೀರಿ.

#ಗಂಟಿನ_ಕಥೆ #ಗಾಳ #ಇತಿಹಾಸ #ಮಲ್ಪೆ