ಅದುರುವ ಕಣ್ಣು: ಶಕುನವೋ, ದೇಹದ ದೂರೋ?

ಕಣ್ಣಿನ ರೆಪ್ಪೆ ಅದುರಲಾರಂಭಿಸಿದರೆ ನಮ್ಮ ಅನೇಕ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಎಡಗಣ್ಣೋ, ಬಲಗಣ್ಣೋ?’ ಎಂಬುದಾಗಿದೆ. ಗಂಡಸರಿಗೆ ಬಲಗಣ್ಣು ಅದುರಿದರೆ ಶುಭ, ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಇದು ಅದಲುಬದಲಾದರೆ ಕೇಡು ಎಂಬ ಲೆಕ್ಕಾಚಾರ ತಲೆಮಾರುಗಳಿಂದ ಹರಿದು ಬಂದಿದೆ. ಈ ಲೆಕ್ಕಾಚಾರವನ್ನು ನಂಬಿ ಪ್ರಯಾಣ ಮುಂದೂಡುವವರಿದ್ದಾರೆ, ನಿಕಾಹ್‌ನ ಮಾತುಕತೆಯನ್ನು ಅರ್ಧಕ್ಕೆ ನಿಲ್ಲಿಸುವವರಿದ್ದಾರೆ. ಗಲ್ಫ್‌ನಲ್ಲಿರುವ ಮಗನಿಗೆ ಏನಾಯಿತೋ ಎಂದು ಚಿಂತಿಸುತ್ತಾ ರಾತ್ರಿಯಿಡೀ ನಿದ್ದೆಗೆಡುವ ತಾಯಂದಿರೂ ಇದ್ದಾರೆ. ವಿಪರ್ಯಾಸವೆಂದರೆ, ನಿದ್ದೆಗೆಟ್ಟ ಆ ಕಣ್ಣು ಮರುದಿನ ಮತ್ತಷ್ಟು ಅದುರುತ್ತದೆ!

ಇದು ಒಂದು ನಾಡಿನ ಅಥವಾ ಒಂದು ಸಮುದಾಯದ ನಂಬಿಕೆಯಲ್ಲ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ದುಷ್ಯಂತನ ಆಸ್ಥಾನಕ್ಕೆ ಬಂದ ಶಕುಂತಲೆ ತನ್ನ ಬಲಗಣ್ಣು ಅದುರುವುದನ್ನು ಕಂಡು ಕಳವಳಪಡುತ್ತಾಳೆ. ಪ್ರಾಚೀನ ಗ್ರೀಕರಲ್ಲಿ ಅಂಗಾಂಗಗಳ ಅದುರುವಿಕೆಯಿಂದ ಭವಿಷ್ಯ ಹೇಳುವ ಗ್ರಂಥಗಳೇ ಇದ್ದವು. ಅರಬಿ ಭಾಷೆಯಲ್ಲಿ ಈ ಅದುರುವಿಕೆಗೆ ‘ಇಖ್ತಿಲಾಜ್’ ಎನ್ನುತ್ತಾರೆ. ಮುಸ್ಲಿಮ್ ಸಮಾಜದ ಚರಿತ್ರೆಯಲ್ಲಿ ಈ ಒಂದೇ ಪದದ ಹಿಂದೆ ಎರಡು ಬಗೆಯ ಬರವಣಿಗೆಗಳು ಬೆಳೆದವು. ಒಂದು ಅದರಲ್ಲಿ ನಾಳೆಯ ಸುದ್ದಿಯನ್ನು ಹುಡುಕಿತು. ಇನ್ನೊಂದು ಅದರ ಕಾರಣವನ್ನು ದೇಹದೊಳಗೆ ಹುಡುಕಿತು. ಇವುಗಳಲ್ಲಿ ನಾವು ಯಾವುದರ ವಾರಸುದಾರರು ಎಂಬುದೇ ಇಲ್ಲಿರುವ ಪ್ರಶ್ನೆ.

ಉತ್ತರಕ್ಕಾಗಿ ನಾವು ಮೊದಲು ಪ್ರವಾದಿವರ್ಯರ(ಸ) ಕಾಲಕ್ಕೆ ಹೋಗಬೇಕು. ಅಜ್ಞಾನ ಕಾಲದ ಅರಬರು ಪ್ರಯಾಣ ಹೊರಡುವ ಮುನ್ನ ಹಕ್ಕಿಯನ್ನು ಹಾರಿಸಿ ನೋಡುತ್ತಿದ್ದರು. ಅದು ಬಲಕ್ಕೆ ಹಾರಿದರೆ ಹೊರಡುತ್ತಿದ್ದರು, ಎಡಕ್ಕೆ ಹಾರಿದರೆ ಮನೆಗೆ ಮರಳುತ್ತಿದ್ದರು. ಅಪಶಕುನಕ್ಕೆ ‘ತಿಯರ’ ಎಂಬ ಹೆಸರು ಬಂದುದೇ ಹಕ್ಕಿ ಎಂಬರ್ಥದ ‘ತ್ವೈರ್’ ಎಂಬ ಪದದಿಂದ. ಹಕ್ಕಿಯ ರೆಕ್ಕೆಗೂ ಮನುಷ್ಯನ ವಿಧಿಗೂ ಕಟ್ಟಿದ್ದ ಈ ನಂಟನ್ನು ಪ್ರವಾದಿವರ್ಯರು(ಸ) ಕಡಿದು ಹಾಕಿದರು. ಶಕುನ ನೋಡುವವರ ಬಗ್ಗೆ ಮುಆವಿಯಾ ಬಿನ್ ಹಕಮ್ ಅಸ್ಸುಲಮೀ(ರ) ಎಂಬ ಸಹಾಬಿ ಕೇಳಿದಾಗ ಅವರು ನೀಡಿದ ಉತ್ತರ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದು ಜನರ ಮನಸ್ಸಿನಲ್ಲಿ ಮೂಡುವ ಒಂದು ಭಾವನೆ ಮಾತ್ರ, ಅದು ಅವರನ್ನು ಕೆಲಸದಿಂದ ತಡೆಯಬಾರದು ಎಂಬುದು ಅದರ ತಾತ್ಪರ್ಯ. ಇಲ್ಲಿರುವ ಕರುಣೆಯನ್ನು ನಾವು ಗಮನಿಸಬೇಕು. ಮನಸ್ಸಿನಲ್ಲಿ ಒಂದು ಕ್ಷಣ ಅಳುಕು ಮೂಡಿದ್ದಕ್ಕೆ ಯಾರನ್ನೂ ದೂಷಿಸಲಾಗಿಲ್ಲ. ಆ ಅಳುಕಿಗೆ ಬದುಕಿನ ಲಗಾಮನ್ನು ಒಪ್ಪಿಸಬೇಡಿ ಎಂದಷ್ಟೇ ಕಲಿಸಲಾಗಿದೆ.

ಇದಕ್ಕಿಂತಲೂ ಮನಮುಟ್ಟುವ ಪಾಠ ಮದೀನಾದಲ್ಲಿ ಸಂಭವಿಸಿದ ಸೂರ್ಯಗ್ರಹಣದ್ದು. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್(ರ) ತೀರಿಕೊಂಡ ದಿನವೇ ಗ್ರಹಣವಾಯಿತು. ಆ ಮಗುವಿನ ಸಾವಿಗಾಗಿಯೇ ಸೂರ್ಯನು ಮಂಕಾದನೆಂದು ಜನರು ಮಾತನಾಡಿಕೊಂಡರು. ದುಃಖದಲ್ಲಿದ್ದ ಯಾವ ತಂದೆಗಾದರೂ ಆ ಮಾತು ಹಿತವೆನಿಸುತ್ತಿತ್ತು. ಆದರೆ ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಆ ಕ್ಷಣದಲ್ಲೇ ತಿದ್ದಿದರು. ಸ್ವಂತ ಮಗನ ಮರಣಕ್ಕೂ ಆಕಾಶದ ಸೂರ್ಯನಿಗೂ ನಂಟು ಕಲ್ಪಿಸಲು ಒಪ್ಪದ ಪ್ರವಾದಿಯ(ಸ) ಅನುಯಾಯಿಗಳು ರೆಪ್ಪೆಯ ಅದುರುವಿಕೆಗೂ ಗಲ್ಫ್‌ನಲ್ಲಿರುವ ಮಗನ ಕ್ಷೇಮಕ್ಕೂ ನಂಟು ಕಲ್ಪಿಸುವುದು ಸರಿಯೇ?

ಈ ಶಿಕ್ಷಣದ ಫಲವು ಮುಂದಿನ ಶತಮಾನಗಳ ವೈದ್ಯಶಾಸ್ತ್ರದಲ್ಲಿ ಕಾಣಸಿಗುತ್ತದೆ. ರೋಗಕ್ಕೆ ಮದ್ದು ಮಾಡಿರೆಂಬ ಪ್ರವಾದಿ(ಸ) ಉಪದೇಶವಿದ್ದ ಸಮಾಜದಲ್ಲಿ ವೈದ್ಯರಿಗೆ ಗೌರವದ ಸ್ಥಾನವಿತ್ತು. ಅಬ್ಬಾಸೀ ಖಲೀಫರ ಬಗ್ದಾದ್‌ನಲ್ಲಿ ಗ್ರೀಕ್ ವೈದ್ಯ ಗ್ಯಾಲನ್‌ನ ಗ್ರಂಥಗಳು ಅರಬಿಗೆ ಬಂದವು. ಆ ಕಾರ್ಯದ ಮುಂಚೂಣಿಯಲ್ಲಿದ್ದ ಕ್ರೈಸ್ತ ವಿದ್ವಾಂಸ ಹುನೈನ್ ಬಿನ್ ಇಸ್‌ಹಾಕ್ (ಮರಣ ಕ್ರಿ.ಶ. 873) ಕಣ್ಣಿನ ಬಗ್ಗೆ ಹತ್ತು ಪ್ರಬಂಧಗಳ ಗ್ರಂಥವನ್ನು ರಚಿಸಿದನು. 11ನೇ ಶತಮಾನದ ಆರಂಭದಲ್ಲಿ ಬಗ್ದಾದ್‌ನ ಅಲೀ ಬಿನ್ ಈಸಾ ಬರೆದ ‘ತದ್ಕಿರತುಲ್ ಕಹ್ಹಾಲೀನ್’ ಗ್ರಂಥವು ಸುಮಾರು 130 ನೇತ್ರರೋಗಗಳನ್ನು ವಿವರಿಸಿತು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಕಣ್ಣಿನ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗವಿತ್ತು.

ಕಣ್ಣಿಗೆ ಕೈಹಚ್ಚುವವರ ಅರ್ಹತೆಯನ್ನೂ ಪರೀಕ್ಷಿಸಲಾಗುತ್ತಿತ್ತು. ಮಾರುಕಟ್ಟೆಯ ಮೇಲ್ವಿಚಾರಣೆ ನಡೆಸುವ ‘ಮುಹ್ತಸಿಬ್’ ಅಧಿಕಾರಿಗಳಿಗಾಗಿ 12ನೇ ಶತಮಾನದಲ್ಲಿ ಅಶ್ಶೈಝರಿ ಎಂಬವರು ಒಂದು ಕೈಪಿಡಿ ಬರೆದರು. ನೇತ್ರವೈದ್ಯರನ್ನು ಹುನೈನನ ಗ್ರಂಥದ ಆಧಾರದಲ್ಲಿ ಪರೀಕ್ಷಿಸಬೇಕು, ಬೀದಿಬೀದಿ ಅಲೆಯುವ ನಕಲಿ ಕಣ್ಣಿನ ವೈದ್ಯರನ್ನು ನಂಬಬಾರದು ಎಂದು ಅದರಲ್ಲಿ ಹೇಳಲಾಗಿದೆ.

ಕಣ್ಣು ಅದುರುವ ವಿಷಯಕ್ಕೆ ಬಂದರೆ, ಇಬ್ನು ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಇಖ್ತಿಲಾಜನ್ನು ನರಗಳಿಗೆ ಸಂಬಂಧಿಸಿದ ರೋಗಗಳ ಸಾಲಿನಲ್ಲಿ ಚರ್ಚಿಸಿದರು. ಅದು ಸ್ನಾಯುವಿನ ಚಲನೆ, ಅದಕ್ಕೆ ಅಂಟಿಕೊಂಡಿರುವ ಚರ್ಮವೂ ಅದರ ಜೊತೆ ಅಲುಗಬಹುದು, ದಟ್ಟವಾದ ವಾಯು ಸೇರಿಕೊಳ್ಳುವುದೇ ಅದಕ್ಕೆ ಕಾರಣ ಎಂಬುದು ಅವರ ವಿವರಣೆ. ವಾಯುವಿನ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಅವರು ಕಾರಣವನ್ನು ಹುಡುಕಿದ ಜಾಗ ಸರಿಯಾಗಿತ್ತು. ಅವರು ಸ್ನಾಯುವನ್ನು ನೋಡಿದರು, ವಿಧಿಯನ್ನಲ್ಲ.

ಅದೇ ವೇಳೆ ಇಖ್ತಿಲಾಜ್‌ನಿಂದ ಭವಿಷ್ಯ ಹೇಳುವ ಪುಸ್ತಕಗಳೂ ಅರಬಿ, ತುರ್ಕಿ ಭಾಷೆಗಳಲ್ಲಿ ಹರಡಿದ್ದವು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಮಹಾತ್ಮರ ಹೆಸರುಗಳನ್ನು ಅಂಟಿಸಿ ಅವುಗಳಿಗೆ ಗೌರವ ತಂದುಕೊಡುವ ಪ್ರಯತ್ನವೂ ನಡೆದಿತ್ತು. ಆದರೆ 17ನೇ ಶತಮಾನದ ಉಸ್ಮಾನಿ ವಿದ್ವಾಂಸ ಕಾತಿಬ್ ಚೆಲೆಬಿ ತಮ್ಮ ‘ಕಶ್ಫುಝ್ಝುನೂನ್’ ಎಂಬ ಬೃಹತ್ ಗ್ರಂಥಸೂಚಿಯಲ್ಲಿ ಈ ವಿದ್ಯೆಯನ್ನು ಹೆಸರಿಸಿ, ಅದರ ಆಧಾರ ದುರ್ಬಲ, ಅದು ನೆಚ್ಚತಕ್ಕದ್ದಲ್ಲ ಎಂಬ ಅಭಿಪ್ರಾಯವನ್ನು ದಾಖಲಿಸಿದ್ದಾರೆ. ಶಕುನದ ಪುಸ್ತಕ ನಮ್ಮವರ ನಡುವೆಯೂ ಇತ್ತು, ಅದನ್ನು ತಿರಸ್ಕರಿಸಿದ ವಿವೇಕವೂ ನಮ್ಮವರದ್ದೇ ಆಗಿತ್ತು.

ಇನ್ನು ಇಂದಿನ ವೈದ್ಯಶಾಸ್ತ್ರ ಏನನ್ನುತ್ತದೆ? ಕಣ್ಣಿನ ಸುತ್ತ ಉಂಗುರದಂತೆ ಹರಡಿರುವ ಸ್ನಾಯುವಿನ ಎಳೆಗಳು ತಾವಾಗಿಯೇ ಮಿಡಿಯುವುದನ್ನು ವೈದ್ಯರು ‘ಮಯೋಕೈಮಿಯಾ’ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ, ಹೆಚ್ಚಾಗಿ ಕೆಳರೆಪ್ಪೆಯಲ್ಲಿ ಕಾಣಿಸಿಕೊಂಡು ತಾನಾಗಿಯೇ ಮಾಯವಾಗುತ್ತದೆ. ನಿದ್ದೆಯ ಕೊರತೆ, ಆಯಾಸ, ಮಾನಸಿಕ ಒತ್ತಡ, ಅತಿಯಾದ ಚಹಾ ಕಾಫಿ, ಕಣ್ಣು ಒಣಗುವುದು, ಮೊಬೈಲ್ ಕಂಪ್ಯೂಟರ್ ಪರದೆಯನ್ನು ದೀರ್ಘಕಾಲ ದಿಟ್ಟಿಸುವುದು ಇದರ ಸಾಮಾನ್ಯ ಕಾರಣಗಳು. ಪರಿಹಾರವೂ ಅಷ್ಟೇ ಸರಳ. ಸಾಕಷ್ಟು ನಿದ್ದೆ ಮಾಡಬೇಕು, ಚಹಾ ಕಾಫಿಯನ್ನು ಮಿತಗೊಳಿಸಬೇಕು, ಪರದೆಯಿಂದ ಆಗಾಗ ದೃಷ್ಟಿ ಹೊರಳಿಸಬೇಕು, ಬೆಚ್ಚನೆಯ ಒದ್ದೆ ಬಟ್ಟೆಯನ್ನು ರೆಪ್ಪೆಯ ಮೇಲಿಟ್ಟುಕೊಳ್ಳಬೇಕು. ಕಣ್ಣು ಒಣಗುತ್ತಿದ್ದರೆ ವೈದ್ಯರ ಸಲಹೆಯಂತೆ ಹನಿ ಹಾಕಿಕೊಳ್ಳಬಹುದು. ಸೀಸದ ಅಂಶವಿರುವ ಸುರ್ಮಾಗಳೂ ಮಾರಾಟವಾಗುವುದರಿಂದ, ಮೂಲ ತಿಳಿಯದ ಸುರ್ಮಾವನ್ನು ಮಕ್ಕಳ ಕಣ್ಣಿಗೆ ಹಚ್ಚದಿರುವುದು ಒಳಿತು.

ಆದರೆ ಎಲ್ಲ ಅದುರುವಿಕೆಯನ್ನೂ ಹಗುರವಾಗಿ ಕಾಣಬಾರದು. ಎರಡು ಮೂರು ವಾರ ಕಳೆದರೂ ನಿಲ್ಲದಿದ್ದರೆ, ಕಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿದ್ದರೆ, ಕೆನ್ನೆ ಬಾಯಿಗಳಿಗೂ ಸೆಳೆತ ಹಬ್ಬಿದರೆ, ರೆಪ್ಪೆ ಜೋತುಬಿದ್ದರೆ, ಕಣ್ಣು ಕೆಂಪಾಗಿ ಬಾತು ಕೀವು ಬಂದರೆ ವೈದ್ಯರನ್ನು ಕಾಣಲೇಬೇಕು. ಮುಖದ ನರದ ಮೇಲೆ ರಕ್ತನಾಳ ಒತ್ತುವುದರಿಂದ ಮುಖದ ಒಂದು ಬದಿ ಸೆಳೆಯುವುದುಂಟು. ಎರಡೂ ಕಣ್ಣುಗಳು ಬಲವಂತವಾಗಿ ಮುಚ್ಚಿಕೊಳ್ಳುವ ಕಾಯಿಲೆಯೂ ಇದೆ. 1989ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಬೊಟುಲಿನಮ್ ಚುಚ್ಚುಮದ್ದು ಇಂಥವರಿಗೆ ಇಂದು ನೆಮ್ಮದಿ ನೀಡುತ್ತಿದೆ. ಶಕುನದ ನಂಬಿಕೆಯ ನಿಜವಾದ ಅಪಾಯ ಇರುವುದು ಇಲ್ಲಿಯೇ. ಬಲಗಣ್ಣು ಅದುರಿತೆಂದು ಸಂಭ್ರಮಿಸುವ ಗಂಡಸು ಚಿಕಿತ್ಸೆಗೆ ಹೋಗುವುದಿಲ್ಲ, ಅದೇ ಕಣ್ಣು ಅದುರಿತೆಂದು ಹೆದರುವ ಹೆಂಗಸು ಕಾರಣ ತಿಳಿಯಲು ಹೋಗುವುದಿಲ್ಲ.

ಹಗಲಿಡೀ ಉಪವಾಸ, ರಾತ್ರಿಯಿಡೀ ಆರಾಧನೆಯಲ್ಲಿ ಮುಳುಗಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಎಂಬ ಯುವ ಸಹಾಬಿಗೆ, ದೇಹಕ್ಕೆ ನಿನ್ನ ಮೇಲೆ ಹಕ್ಕಿದೆ, ಕಣ್ಣಿಗೂ ನಿನ್ನ ಮೇಲೆ ಹಕ್ಕಿದೆ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಬುದ್ಧಿ ಹೇಳಿದುದು ಸಹೀಹ್ ಬುಖಾರಿಯಲ್ಲಿದೆ. ಇಬಾದತ್‌ಗಾಗಿಯೂ ಕಣ್ಣಿನ ಹಕ್ಕನ್ನು ಕಸಿಯಬಾರದೆಂದಾದರೆ, ನಡುರಾತ್ರಿಯವರೆಗೆ ಮೊಬೈಲ್‌ಗಾಗಿ ಅದನ್ನು ಕಸಿಯುವ ನಮ್ಮ ಮನೆಗಳ ಹಿರಿಯರೂ ಕಿರಿಯರೂ ಏನು ಉತ್ತರ ಕೊಡಬಲ್ಲರು? ಅದುರುವ ರೆಪ್ಪೆ ನಾಳೆಯ ಸುದ್ದಿಯನ್ನು ತರುವುದಿಲ್ಲ, ಅದು ನಿನ್ನೆಯ ರಾತ್ರಿಯ ಬಗ್ಗೆ ದೂರು ಹೇಳುತ್ತದೆ. ನಾಳೆಯ ಜ್ಞಾನ ಅಲ್ಲಾಹನಿಗೆ ಮಾತ್ರ ಇದೆ. ಅವನು ಅಮಾನತ್ತಾಗಿ ಕೊಟ್ಟ ಕಣ್ಣಿನ ಹಕ್ಕನ್ನು ಸಲ್ಲಿಸುವ ತೌಫೀಕನ್ನು ಅವನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.